ಎದೆಯೊಳಗಿನ ಗುಳ್ಳೆ ನೋಡುವ ಮಲ್ಸುನ್

ಸಮುದ್ರದ ಸೆಳೆತ ನಿಂತಿದೆ. ಸೂರ್ಯ ಇನ್ನೂ ದ್ವೀಪದ ಆಚೆಗೇ ಇದ್ದಾನೆ. ದೋಣಿಯ ಅಡುಗೆಮೂಲೆಯಲ್ಲಿ ಗೂ ಮಲ್ಸುನ್ ಒಂದು ಕೈಯಲ್ಲಿ ಸಾರು ತಿರುವುತ್ತಾ, ಇನ್ನೊಂದು ಕಂಕುಳಲ್ಲಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ಅವುಚಿಕೊಂಡಿದ್ದಾರೆ. ಅದರಲ್ಲಿರುವುದು ಸ್ಕ್ಯಾನಿಂಗಿಗೆ ಹಚ್ಚುವ ಜೆಲ್. ಈ ಚಳಿಯಲ್ಲಿ ಅದನ್ನು ಬಿಸಿ ಮಾಡದೆ ಎದೆಗೆ ಹಚ್ಚುವ ಹಾಗಿಲ್ಲ.

"ಈ ಮುಳುಗುಗಾರರು ಸಮುದ್ರದ ತಳದಲ್ಲಿ ಗಂಟೆಗಟ್ಟಲೆ ಕೆಸರು ಕೆರೀತಾರೆ, ಚಳಿ ಅಂತ ಒಂದು ಮಾತು ಆಡಲ್ಲ. ಮೇಲೆ ಬಂದು ಎದೆ ಮೇಲೆ ಒಂದು ತೊಟ್ಟು ಜೆಲ್ ಬಿದ್ರೆ ಅಮ್ಮಾ ಅಂತಾರೆ," ಎಂದು ಪತ್ರಿಕೆಗಾಗಿ ದೋಣಿ ಹತ್ತಿದ ನನಗೆ ಹೇಳಿ ನಗುತ್ತಾರೆ.

ದೋಣಿಯ ಅಂಚಿನಲ್ಲಿ ಅವರ ಭಾವ, ಅಂದರೆ ಗಂಡನ ಅಣ್ಣ ತಾಕ್ ಚಂಗ್‌ಗು, ಮೀನಿನ ಪೆಟ್ಟಿಗೆಯ ಮೇಲೆ ಕೂತು ಗಾಳಿಯ ಕೊಳವೆ ಹಿಡಿದಿದ್ದಾರೆ. ಪಕ್ಕದಲ್ಲಿ ಊರುಗೋಲು. ಕೊಳವೆಯ ಇನ್ನೊಂದು ತುದಿಯಲ್ಲಿ, ಬೆಳಕು ತಲುಪದ ಆಳದಲ್ಲಿ, ಮಲ್ಸುನ್ ಗಂಡ ಗಿಬೊಂಗ್ ಕೆಸರಿನಲ್ಲಿ ಹೂತಿರುವ ಮೊರಚಿಪ್ಪು ಎಂಬ ದೊಡ್ಡ ಚಿಪ್ಪುಮೀನು ಕೀಳುತ್ತಿದ್ದಾರೆ. ಇನ್ನೊಂದು ಕೊಳವೆಯಲ್ಲಿ ಕಿರಿಯ ಮುಳುಗುಗಾರ ಉಜಿನ್ ಇದ್ದಾನೆ. ಇಬ್ಬರೂ ಮೇಲೆ ಬಂದಮೇಲೆ, ಮಧ್ಯಾಹ್ನದ ಸರದಿಗೆ ಯಾರು ಮತ್ತೆ ಇಳಿಯಬಹುದು, ಯಾರು ಇಳಿಯಕೂಡದು ಎಂದು ಹೇಳುವ ಕೆಲಸ ಮಲ್ಸುನ್ ಅವರದು. ತಪ್ಪು ಹೇಳಿದರೆ ಒಬ್ಬರ ಕಾಲು ಹೋಗುತ್ತದೆ. ಜೀವವೂ ಹೋಗಬಹುದು.

ನಮ್ಮ ಸೋಲ್ಮೆ ಬಂದರಿನಲ್ಲಿ ಮುಳುಗುಗಾರರ ನೋವು ಹೊಸದೇನಲ್ಲ. ಆಳದಲ್ಲಿ ಒತ್ತಿಕೊಂಡು ರಕ್ತಕ್ಕೆ ಸೇರಿದ ಗಾಳಿ, ಮನುಷ್ಯ ಬೇಗ ಮೇಲೆ ಬಂದರೆ ಗುಳ್ಳೆಯಾಗುತ್ತದೆ. ಮೊದಲು ಭುಜ, ಮಂಡಿ ನೋಯುತ್ತವೆ. ಆಮೇಲೆ ಕಾಲು ಜೋಮು ಹಿಡಿಯುತ್ತದೆ. ನೋವು ಬಂದವನು ವೈದ್ಯರ ಹತ್ತಿರ ಹೋಗುವ ಪದ್ಧತಿಯೇ ಇರಲಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಮತ್ತೆ ನೀರಿಗೇ ಇಳಿಯುತ್ತಿದ್ದರು. ಕೆಳಗೆ ಹೋದರೆ ನೋವು ಮಾಯ. ಮೇಲೆ ಬಂದರೆ ದುಪ್ಪಟ್ಟು. ಬಂದರಿನ ಚಹಾ ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತವರಲ್ಲಿ ನೆಟ್ಟಗೆ ಎದ್ದು ನಡೆಯಬಲ್ಲವರು ಕಡಿಮೆ.

ಇಂಥ ಊರಿಗೆ ಜಿಲ್ಲಾಸ್ಪತ್ರೆಯ ಡಾಕ್ಟರ್ ಬಾನ್ ಸೊಯೊಂಗ್ ಒಂದು ಚಿಕ್ಕ ಸ್ಕ್ಯಾನಿಂಗ್ ಯಂತ್ರ ತಂದರು. ಎದೆಯ ಮೇಲೆ ಇಟ್ಟರೆ ಹೃದಯದ ನಾಲ್ಕು ಕೋಣೆಗಳು ಪರದೆಯಲ್ಲಿ ಕಾಣುತ್ತವೆ. ರಕ್ತದಲ್ಲಿ ಗುಳ್ಳೆಗಳಿದ್ದರೆ ಬಲಗಡೆಯ ಕೋಣೆಗಳಲ್ಲಿ ಬಿಳಿ ಚುಕ್ಕೆಗಳಾಗಿ ಓಡುತ್ತವೆ. ಆದರೆ ನೋಡಬೇಕಾದ್ದು ದೋಣಿಯ ಮೇಲೆ, ಮುಳುಗಿ ಬಂದ ಅರ್ಧ ಗಂಟೆಯ ನಂತರ. ಡಾಕ್ಟರ್ ಕಳಿಸಿದ ಇಬ್ಬರು ನರ್ಸ್‌ಗಳು, ದೋಣಿ ಬಂದರನ್ನು ದಾಟುವ ಮೊದಲೇ, ವಾಂತಿ ಮಾಡಿಕೊಂಡು ಮಲಗಿದರು. ಅವರ ತಲೆ ಹಿಡಿದು ಕೂತಿದ್ದವರು ದೋಣಿಯ ಅಡುಗೆಯವರಾದ ಮಲ್ಸುನ್.

"ನೀವು ಕಲೀತೀರಾ ಅಂತ ಡಾಕ್ಟರ್ ಕೇಳಿದ್ರು. ನಾನು ಓದಿದ್ದು ಏಳನೇ ಕ್ಲಾಸು. ನನಗೆ ವಾಂತಿ ಬರಲ್ಲ, ಅದೊಂದೇ ನನ್ನ ಡಿಗ್ರಿ," ಎನ್ನುತ್ತಾರೆ.

ಕಲಿಕೆ ಸುಲಭವಾಗಿರಲಿಲ್ಲ. ಮೊದಲ ತಿಂಗಳು ಪರದೆಯ ಮೇಲೆ ಬರೀ ಪಕ್ಕೆಲುಬು. "ಮಾಂಸದಂಗಡೀಲೂ ನಾನು ಅಷ್ಟು ಪಕ್ಕೆಲುಬು ನೋಡಿಲ್ಲ." ಗಂಡ ಗೊರಕೆ ಹೊಡೆಯುವಾಗ ಎದೆಯ ಮೇಲೆ ಯಂತ್ರ ಇಟ್ಟು ಅಭ್ಯಾಸ ಮಾಡಿದರು. ಕೈಯನ್ನು ಒಂದು ಕೂದಲೆಳೆ ಓರೆ ಮಾಡಿದಾಗ ನಾಲ್ಕೂ ಕೋಣೆ ಒಟ್ಟಿಗೆ ಕಂಡವಂತೆ. ಗಂಡನನ್ನು ಎಬ್ಬಿಸಿ, "ನೋಡ್ರೀ, ನಿಮಗೂ ಹೃದಯ ಇದೆ," ಎಂದರಂತೆ. ಗಿಬೊಂಗ್ ಈ ಮಾತನ್ನು ಈಗಲೂ ಕ್ಷಮಿಸಿಲ್ಲ.

ಆಮೇಲೆ ಇನ್ನೊಂದು ಪೇಚು. ಹೃದಯದ ಕವಾಟ ಮುಚ್ಚಿ ತೆರೆಯುವಾಗ ಮಿಂಚುವುದನ್ನೇ ಗುಳ್ಳೆ ಎಂದುಕೊಂಡು ಒಂದು ದಿನ ಎಲ್ಲರನ್ನೂ ದೋಣಿಯ ಮೇಲೇ ಕೂರಿಸಿಬಿಟ್ಟರು. ಬಂದರಿನಲ್ಲಿ ವಾರಗಟ್ಟಲೆ ಅದೇ ನಗೆ. ಚಿತ್ರಗಳನ್ನು ನೋಡಿದ ಡಾಕ್ಟರ್ ಬಾನ್ ಮಾತ್ರ ನಗಲಿಲ್ಲ. ಕವಾಟ ಇದ್ದಲ್ಲೇ ಮಿಂಚುತ್ತದೆ, ಗುಳ್ಳೆ ರಕ್ತದ ಜೊತೆ ಹರಿಯುತ್ತದೆ ಎಂದು ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು. ಗುಳ್ಳೆ ಕಂಡವರಿಗೆಲ್ಲ ಕಾಯಿಲೆ ಬರುವುದಿಲ್ಲ, ಕಾಣದವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಆದರೆ ಪರದೆಯ ತುಂಬ ಕಂಡರೆ ಆ ದಿನ ಮತ್ತೆ ಇಳಿಯಕೂಡದು ಎಂದೂ ಹೇಳಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಮಾತನ್ನು ಮುಳುಗುಗಾರರಿಗೆ ಒಪ್ಪಿಸುವಷ್ಟರಲ್ಲಿ ಮಲ್ಸುನ್ ಗಂಟಲು ಒಣಗಿತು.

ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಸುಮ್ಮನೆ ಮಲಗಿದವನ ಎದೆ ನೋಡಿದರೆ ಸಾಲದು. ಗುಳ್ಳೆಗಳು ಕಾಲಿನ ರಕ್ತನಾಳಗಳಲ್ಲಿ ಅಂಟಿಕೊಂಡು ಕೂತಿರುತ್ತವೆ. ಮೂರು ಸಲ ಕುಕ್ಕರಗಾಲಲ್ಲಿ ಕೂತು ಎದ್ದರೆ ಅಲ್ಲಿಂದ ಬಿಟ್ಟು ಎದೆಗೆ ಬರುತ್ತವೆ. ಆಗ ನೋಡಬೇಕು. ಅಂದರೆ ಬಸ್ಕಿ ಹೊಡೆಯಬೇಕು. ನಮ್ಮಲ್ಲಿ ಮನೆಲೆಕ್ಕ ಮಾಡದ ಹುಡುಗನಿಗೂ ಸೈನ್ಯದಲ್ಲಿ ತಡವಾಗಿ ಎದ್ದವನಿಗೂ ಕೊಡುವ ಶಿಕ್ಷೆ ಅದು. ಸಮುದ್ರದಲ್ಲಿ ಮೂವತ್ತು ವರ್ಷ ಕಳೆದವರಿಗೆ ಅಡುಗೆಯ ಹೆಂಗಸು ಬಸ್ಕಿ ಹೊಡೆಯಿರಿ ಎನ್ನುವುದು ಹೇಗೆ?

ಉಜಿನ್‌ನಂಥ ಕಿರಿಯರಿಗೆ ಹೇಳಿದರು. ಗಂಡನಿಗೆ ಗದರಿಸಿಯೇ ಹೇಳಿದರು. ಆದರೆ ಆಗ ದೋಣಿಯ ಹಿರಿಯ ಮುಳುಗುಗಾರ ಚಂಗ್‌ಗು. ಗಂಡನ ಅಣ್ಣ. ಅವರ ಮುಂದೆ ಮಲ್ಸುನ್ ದನಿ ಎತ್ತಿ ಮಾತಾಡಿದವರಲ್ಲ, ಹಬ್ಬದ ದಿನವೂ ತಲೆ ತಗ್ಗಿಸಿಯೇ ಬಟ್ಟಲು ಇಟ್ಟವರು. ಅವರ ಎದೆಯ ಮೇಲೆ ಯಂತ್ರ ಇಡುವಾಗಲೂ ಪರದೆ ಬಿಟ್ಟು ಅವರ ಮುಖದ ಕಡೆ ನೋಡುತ್ತಿರಲಿಲ್ಲ.

ಮೂರು ಚಳಿಗಾಲದ ಹಿಂದೆ ಒಂದು ಬೆಳಿಗ್ಗೆ ಅವರು ಮೇಲೆ ಬಂದು ಮಲಗಿದರು. ಮಲ್ಸುನ್ ನೋಡಿದರು. ಪರದೆ ಶುಭ್ರವಾಗಿತ್ತು. ಬಸ್ಕಿಯ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. "ಚೆನ್ನಾಗಿದೆ ಭಾವ" ಎಂದುಬಿಟ್ಟರು. ಮಧ್ಯಾಹ್ನ ಎರಡನೇ ಸಲ ಮುಳುಗಿ ಬಂದ ಚಂಗ್‌ಗು ಊಟಕ್ಕೆ ಏಳಲು ಹೋದರೆ ಕಾಲುಗಳು ಏಳಲಿಲ್ಲ. ನಗರದ ಆಸ್ಪತ್ರೆಯಲ್ಲಿ, ಗಾಳಿಯ ಒತ್ತಡ ಏರಿಸಿ ಗುಳ್ಳೆ ಕರಗಿಸುವ ಕೋಣೆಯಲ್ಲಿ, ವಾರಗಟ್ಟಲೆ ಚಿಕಿತ್ಸೆಯಾಯಿತು. ಎಡಗಾಲು ಪೂರ್ತಿ ಬಂತು, ಬಲಗಾಲು ಅರ್ಧ.

"ಗುಳ್ಳೆ ಅವತ್ತೂ ಇದ್ದಿರಬೇಕು. ಕಾಲಲ್ಲಿ ಕೂತಿತ್ತು. ಮರ್ಯಾದೆ ಮರ್ಯಾದೆ ಅಂತ ನಾನು ಅದನ್ನ ಎಬ್ಬಿಸಲಿಲ್ಲ," ಎನ್ನುವಾಗ ಮಲ್ಸುನ್ ಸಾರಿನ ಕಡೆಯೇ ನೋಡುತ್ತಿದ್ದಾರೆ. ಭಾವ ಈ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟಿಲ್ಲವಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವರಿಗೆ ಅನಿಸುತ್ತದೆ.

ಅಷ್ಟರಲ್ಲಿ ಕೊಳವೆ ಎರಡು ಸಲ ಜಗ್ಗುತ್ತದೆ. ಗಿಬೊಂಗ್, ಗುಳ್ಳೆ ಏಳದಿರಲೆಂದು ನಿಲ್ಲಬೇಕಾದ ಆಳಗಳಲ್ಲಿ ನಿಂತು ನಿಂತು ಮೇಲೆ ಬರುತ್ತಾರೆ, ಹಿಂದೆಯೇ ಉಜಿನ್. ಬಿಸಿ ಸಾರು ಕುಡಿದು ಅರ್ಧ ಗಂಟೆ ಕೂರುತ್ತಾರೆ. ಮೊದಲು ಉಜಿನ್. ಹೇಳಿಸಿಕೊಳ್ಳದೆ ಬಸ್ಕಿ ಹೊಡೆದು ಮಲಗುತ್ತಾನೆ. ಪರದೆಯಲ್ಲಿ ಒಂದೆರಡು ಚುಕ್ಕೆ ತೇಲಿ ಹೋಗುತ್ತವೆ.

"ಅತ್ತಿಗೆ, ಪಾಸಾ?"

"ಪಾಸು. ಆದ್ರೂ ಮಧ್ಯಾಹ್ನ ಸ್ವಲ್ಪ ಬೇಗ ಬಾ."

ಗಿಬೊಂಗ್ ಸರದಿ. ಮಲಗಿಸಿ ನೋಡಿದಾಗ ಏನೂ ಇಲ್ಲ. ಬಸ್ಕಿ ಎಂದ ಕೂಡಲೇ ಅವರು ನನ್ನ ಕ್ಯಾಮೆರಾ ನೋಡುತ್ತಾರೆ.

"ಇವತ್ತು ಬೇಡ ಬಿಡೆ. ಪೇಪರಿನವರು ಬಂದಿದ್ದಾರೆ. ಭಾನುವಾರ ಊರೆಲ್ಲ ನೋಡುತ್ತೆ, ಹೆಂಡ್ತಿ ಮುಂದೆ ಬಸ್ಕಿ ಹೊಡೆಯೋ ತಾಕ್ ಗಿಬೊಂಗ್ ಅಂತ."

"ನೋಡ್ಲಿ. ಏಳ್ರೀ."

"ಪರದೆ ಖಾಲಿ ಇದೆ ಅಲ್ವೇನೇ?"

"ಅವತ್ತೂ ಖಾಲೀನೇ ಇತ್ತು."

ನಾನು ಕ್ಯಾಮೆರಾ ಚೀಲಕ್ಕೆ ಹಾಕಿ, ಬೇಕಾದರೆ ಆಚೆ ತಿರುಗಿ ನಿಲ್ಲುತ್ತೇನೆ ಎನ್ನುತ್ತೇನೆ. ಬೇಡ, ಇಲ್ಲೇ ನಿಂತು ನೋಡಿ ಎನ್ನುತ್ತಾರೆ ಮಲ್ಸುನ್. ಕೈಯಲ್ಲಿ ಜೆಲ್ ಬಾಟಲಿ ಗಟ್ಟಿ ಹಿಡಿದಿದ್ದಾರೆ. ಗಿಬೊಂಗ್ ಏಳುವುದಿಲ್ಲ.

ಆಗ ಚಂಗ್‌ಗು ಸುತ್ತಿಡುತ್ತಿದ್ದ ಕೊಳವೆ ಕೆಳಗಿಟ್ಟು, ಊರುಗೋಲನ್ನೂ ಬಿಟ್ಟು, ಎರಡು ಕೈಯಲ್ಲಿ ಕಂಬಿ ಹಿಡಿದು ನಿಲ್ಲುತ್ತಾರೆ. ಬಲಗಾಲನ್ನು ಎಳೆದುಕೊಂಡು ಸರಿಮಾಡಿಕೊಳ್ಳುತ್ತಾರೆ. ನಿಧಾನವಾಗಿ ಕೆಳಗೆ ಕೂರುತ್ತಾರೆ.

"ಒಂದು," ಎನ್ನುತ್ತಾರೆ. ಏಳಲು ಬಹಳ ಹೊತ್ತು ಬೇಕಾಗುತ್ತದೆ.

ಅಣ್ಣ ಬಸ್ಕಿ ಹೊಡೆಯುವಾಗ ತಮ್ಮ ಕೂತು ನೋಡುವುದು ನಮ್ಮ ಕಡೆ ಉಂಟೇ? ಗಿಬೊಂಗ್ ದಡಕ್ಕನೆ ಎದ್ದು ಅಣ್ಣನ ತೋಳಿಗೆ ಕೈ ಕೊಡುತ್ತಾರೆ. "ನೀನು ಬಿಡಣ್ಣ, ನಾನು ಹೊಡೀತೀನಿ."

ಅಣ್ಣ ಬಿಡುವುದಿಲ್ಲ. ಉಳಿದದ್ದನ್ನು ಇಬ್ಬರೂ ಜೊತೆಗೇ ಹೊಡೆಯುತ್ತಾರೆ, ಕೊನೆಯದೊಂದನ್ನು ಗಿಬೊಂಗ್ ಒಬ್ಬರೇ. ಉಜಿನ್ ಜೋರಾಗಿ ಎಣಿಸುತ್ತಾನೆ, ಮೇಷ್ಟ್ರ ದನಿಯಲ್ಲಿ.

ಗಿಬೊಂಗ್ ಮಲಗುತ್ತಾರೆ. ಮಲ್ಸುನ್ ಯಂತ್ರ ಇಡುತ್ತಾರೆ. ಒಂದು ಬಡಿತ ಖಾಲಿ. ಎರಡನೆಯದಕ್ಕೆ ಬಲಗಡೆಯ ಕೋಣೆಗಳೆಲ್ಲ ಹಿಟ್ಟು ಜರಡಿ ಹಿಡಿದಂತೆ ಬೆಳ್ಳಗಾಗುತ್ತವೆ. ಗಿಬೊಂಗ್ ತಾವೇ ತಲೆ ಎತ್ತಿ ಪರದೆ ನೋಡಿ ಮೆಲ್ಲನೆ ತಲೆ ಕೆಳಗಿಡುತ್ತಾರೆ. ಮಧ್ಯಾಹ್ನದ ಸರದಿಯ ಮಾತನ್ನು ಅವರು ಮತ್ತೆ ಎತ್ತುವುದಿಲ್ಲ. ಮಲ್ಸುನ್ ಆಮ್ಲಜನಕದ ಮುಖವಾಡ ಹಾಕಿ, ಡಾಕ್ಟರ್ ಬಾನ್ ಅವರಿಗೆ ಫೋನ್ ಮಾಡಿ, ಗಂಡನ ಎದೆಯ ಜೆಲ್ಲನ್ನು ಟವೆಲ್ಲಿನಿಂದ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಕಣ್ಣು ತುಂಬಿದೆ.

ಮುಂದಿನ ಆಸೆ ಏನು ಎಂದು ಕೇಳುತ್ತೇನೆ. ಪಕ್ಕದ ದೋಣಿಯ ಅಡುಗೆಯಾಕೆಗೆ ಈ ವಿದ್ಯೆ ಹೇಳಿಕೊಡಬೇಕಂತೆ. "ಅವಳಿಗೂ ವಾಂತಿ ಬರಲ್ಲ," ಎನ್ನುತ್ತಾರೆ.

ಪೆಟ್ಟಿಗೆಯ ಮೇಲೆ ಮತ್ತೆ ಕೂತ ಚಂಗ್‌ಗು ಇನ್ನೂ ಏದುಸಿರು ಬಿಡುತ್ತಿದ್ದಾರೆ. ತಮ್ಮನ ಹೆಂಡತಿಯ ಕಡೆ ನೋಡದೆ, ಸಮುದ್ರಕ್ಕೆ ಹೇಳುವಂತೆ ಹೇಳುತ್ತಾರೆ: "ಅವತ್ತು ನನಗೂ ಹೇಳಿದ್ರೆ ಹೊಡೀತಿದ್ದೆ ಕಣಮ್ಮ."

ಮಲ್ಸುನ್ ಕೈಯಲ್ಲಿನ ಟವೆಲ್ಲು ನಿಲ್ಲುತ್ತದೆ. ಮೂರು ಚಳಿಗಾಲ ಕಾದ ಮಾತು ಅದು. ಅವರು ಮೊದಲ ಬಾರಿಗೆ ಭಾವನ ಮುಖವನ್ನು ನೇರವಾಗಿ ನೋಡುತ್ತಾರೆ.

"ಈಗ ಹೇಳ್ತಾ ಇದ್ದೀನಲ್ಲ ಭಾವ. ಎಲ್ಲರಿಗೂ ಹೇಳ್ತೀನಿ."