ಸಾಬರ ಹಲ್ಲಿನ ತಂತಿ

ಆಗ ನಾನು ಟೀವಿ ರಿಪೇರಿ ಸಾಮಾನು ಮಾರುತ್ತ ಮುದ್ದೇಬಿಹಾಳ, ತಾಳಿಕೋಟೆ ಕಡೆ ತಿರುಗುತ್ತಿದ್ದೆ. ಬೆಸುಗೆ ಹಾಕುವ ಸೋಲ್ಡರ್ ತಂತಿಯಲ್ಲಿ ಸೀಸವಿಲ್ಲದ್ದು ಹೊಸದಾಗಿ ಬಂದಿತ್ತು. ಹಳೆಯದಕ್ಕಿಂತ ತುಟ್ಟಿ, ಬೇಗ ಕರಗುವುದೂ ಇಲ್ಲ. ಯಾರೂ ಮೂಸಿಯೂ ನೋಡುತ್ತಿರಲಿಲ್ಲ.

ತಾಳಿಕೋಟೆಯ ರಸೂಲ್‌ಸಾಬರಿಗೆ ಮನೆಯ ಮುಂಭಾಗವೇ ರಿಪೇರಿ ಅಂಗಡಿ. ಹೋದಾಗ ಅವರ ಒಂದು ಕೈಯಲ್ಲಿ ಬೆಸುಗೆಯ ಕಾದ ಐರನ್, ಇನ್ನೊಂದರಲ್ಲಿ ಚಿಮಟ, ಸೋಲ್ಡರ್ ತಂತಿ ಹಲ್ಲಿನ ನಡುವೆ. ಹೊಸ ತಂತಿ ಮಾರಲು ನನಗೆ ದಾರಿ ಸಿಕ್ಕಿತು.

"ಸಾಬ್ರ, ಅದರಾಗ ಸೀಸ ಐತ್ರಿ, ವಿಷ. ಬಾಯಾಗ ಇಡಬ್ಯಾಡ್ರಿ," ಎಂದೆ.

ಒಳಗಿನಿಂದ ಅವರ ಹೆಂಡತಿ, "ನಾ ಹೇಳಿದ್ರ ಕೇಳಂಗಿಲ್ಲ, ಅವ್ರ ಮಾತರ ಕೇಳ್ರಿ," ಎಂದರು. ಸಾಬರು ಹೊಸ ತಂತಿಯ ಸುರುಳಿಯೊಂದನ್ನು ಕೊಂಡರು.

ಮುಂದಿನ ಸಲ ಹೋದಾಗ ಹೊಸ ತಂತಿಯ ತುಂಡು ಹಲ್ಲಿನಲ್ಲೇ ಇತ್ತು. ಬೆಸುಗೆ ಮಾತ್ರ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಿಗಿಸಿಟ್ಟ ಹಳೆಯ ತಂತಿಯಿಂದ ನಡೆದಿತ್ತು.

"ಇದೇನ್ರಿ ಸಾಬ್ರ?"

ಸಾಬರು ಬಾಯಿಂದ ತುಂಡು ತೆಗೆದರು. "ನಿಮ್ಮದು ಲಗೂನ ಕರಗಂಗಿಲ್ರಿ. ಆದ್ರ ಹಲ್ಲಾಗ ಏನರ ಇರ್ಲಿಲ್ಲಂದ್ರ ನನ್ನ ಕೈ ನಡಗತೈತಿ. ಅದಕ್ಕ ಹಚ್ಚಾಕ ಹಳೇದು, ಕಚ್ಚಾಕ ನಿಮ್ಮದು."

ಕಚ್ಚಿದ ತಂತಿ ಸವೆಯುವುದಿಲ್ಲವಲ್ಲ. ತಾಳಿಕೋಟೆಯಿಂದ ಎರಡನೆಯ ಸುರುಳಿಗೆ ನನಗೆ ಆರ್ಡರ್ ಬರಲೇ ಇಲ್ಲ.