ಹನ್ನೊಂದನೇ ನಂಬರಿನ ಪರವಾಗಿ

ದೆಹಲಿಯ ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದಲ್ಲಿ ಹೆಸರಿಗಿಂತ ಜೆರ್ಸಿಯ ನಂಬರೇ ಹೆಚ್ಚು ಬಳಕೆಯಲ್ಲಿದೆ. ಹಳೆಯ ಆಟಗಾರ್ತಿಯರು ಸೇರಿದರೆ "ಒಂಬತ್ತಿಗೆ ಮಗುವಾಯಿತಂತೆ", "ಐದು ಕೆಲಸ ಬಿಟ್ಟಳಂತೆ" ಎಂದೇ ಮಾತು. ನನ್ನ ಅಕ್ಕ ಹನ್ನೆರಡು. ನನಗೆ ನಂಬರಿಲ್ಲ, ನಾನು ಅಂಕ ಬರೆಯುವ ಮೇಜಿನವಳು. ಅಕ್ಕ ತಂಡಕ್ಕೆ ಸೇರಿದಾಗ ನಾನು ಎಂಟನೇ ಕ್ಲಾಸಿನಲ್ಲಿದ್ದೆ. ಅಮ್ಮನ ಜೊತೆ ಮ್ಯಾಚಿಗೆ ಹೋಗಿ, ಮೆಟ್ಟಿಲ ಮೇಲೆ ಕೂತು, ಯಾರು ಎಷ್ಟು ಪಾಯಿಂಟ್ ಮಾಡಿದರು, ಯಾರು ಎಷ್ಟು ನಿಮಿಷ ಆಡಿದರು ಎಂದು ಡೈರಿಯಲ್ಲಿ ಗೀಟು ಹಾಕುತ್ತಿದ್ದೆ. ಈಗ ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಗೀಟು ಹಾಕಲು ಮೇಜು ಕುರ್ಚಿ ಸಿಕ್ಕಿದೆ, ಅಷ್ಟೇ ವ್ಯತ್ಯಾಸ.

ಅಕ್ಕ ತನ್ನ ಮೂರು ವರ್ಷವನ್ನು ಹೆಚ್ಚುಕಡಿಮೆ ಬೆಂಚಿನ ಮೇಲೇ ಕಳೆದಳು. ಚೆಂಡನ್ನು ಮುಂದೆ ತಂದು ಆಟ ನಡೆಸುವ ಅವಳ ಜಾಗದಲ್ಲಿ ಹನ್ನೊಂದನೇ ನಂಬರಿನವಳು ಆಡುತ್ತಿದ್ದಳು. ಇಬ್ಬರೂ ಒಂದೇ ವರ್ಷ ಸೇರಿದವರು. ಹರಿಯಾಣದ ರೋಹ್ತಕ್ ಕಡೆಯ ಹುಡುಗಿ, ಬಾಬ್ ಕಟ್ ಕೂದಲು, ಗಿಡ್ಡ ದೇಹ. ಅವಳಿಗೆ ದಣಿವೆಂಬುದೇ ಇರಲಿಲ್ಲ. ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಲ್ಲಿ ಅವಳ ಬಗ್ಗೆ ಒಳ್ಳೆಯ ಮಾತು ಕೇಳಿದ್ದು ನನಗೆ ನೆನಪಿಲ್ಲ. ಅಪ್ಪ ತಮ್ಮ ಆಫೀಸಿನ ಭಾಷೆಯಲ್ಲಿ, "ವೇಕೆನ್ಸಿ ಇಲ್ಲದ ಪೋಸ್ಟಿಗೆ ಕಾಯ್ತಾ ಇದೀಯಲ್ಲೇ" ಎನ್ನುತ್ತಿದ್ದರು. ಅಮ್ಮ ಅನ್ನ ಬಡಿಸುತ್ತಾ, "ಆ ಹುಡುಗಿಗೆ ಒಂದು ದಿನ ನೆಗಡಿನಾದ್ರೂ ಬರಬಾರದಾ" ಎನ್ನುತ್ತಿದ್ದರು. ಅಕ್ಕ ಮಾತ್ರ ಏನೂ ಹೇಳದೆ ಊಟ ಮಾಡಿ, ಮರುದಿನ ಮತ್ತೆ ಪ್ರಾಕ್ಟೀಸಿಗೆ ಹೋಗುತ್ತಿದ್ದಳು.

ಪ್ರತಿ ಫೆಬ್ರವರಿಯ ಒಂದು ಭಾನುವಾರ ಹಳಬರಿಗೂ ಹೊಸಬರಿಗೂ ಮ್ಯಾಚು ನಡೆಯುತ್ತದೆ. ಸೋತವರು ಸಮೋಸ ತರಿಸಬೇಕು. ಸಮೋಸ ಬಂದ ಮೇಲೆ ಕೋರ್ಟಿನ ಪಕ್ಕದ ಹುಲ್ಲಿನ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು, ತಂಡದ ಚರಿತ್ರೆಯಲ್ಲೇ ಶ್ರೇಷ್ಠ ಐವರು ಯಾರು ಎಂಬ ಜಗಳ ಶುರುವಾಗುತ್ತದೆ. ಅದಕ್ಕೆ ಎರಡು ನಿಯಮಗಳಿವೆ. ತನ್ನ ಪರವಾಗಿ ತಾನೇ ಮಾತಾಡುವಂತಿಲ್ಲ. ಯಾರ ನಂಬರು ಬರುತ್ತದೋ ಅವಳ ಜೊತೆ ಅದೇ ತಂಡದಲ್ಲಿದ್ದ ಒಬ್ಬಳು ಎದ್ದು ನಿಂತು ಹೇಳಬೇಕು, ಯಾರಿಂದಲೋ ಕೇಳಿದ ಮಾತು ನಡೆಯುವುದಿಲ್ಲ. ಪ್ರತಿ ವರ್ಷ ಐವರು ಬದಲಾಗುತ್ತಾರೆ, ಸಮೋಸ ಮುಗಿದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಈ ವರ್ಷ ಹಾಗಾಗುವಂತಿರಲಿಲ್ಲ. ಕೋರ್ಟಿನ ಬಾಸ್ಕೆಟ್ಟಿನ ಹಿಂದಿನ ಗೋಡೆಗೆ ಹೊಸ ಸುಣ್ಣ ಬಳಿದಿದ್ದರು. ಅದರ ಮೇಲೆ ಐವರ ಚಿತ್ರ ಬರೆಯಲು ಕಾಲೇಜು ಒಪ್ಪಿತ್ತು. ಚಿತ್ರ ಬರೆಯುವ ಮೂರನೇ ವರ್ಷದ ಹುಡುಗಿಯೊಬ್ಬಳು ಪೆನ್ಸಿಲ್ ಹಿಡಿದು ಅಲ್ಲೇ ಕೂತಿದ್ದಳು.

ಆ ಬೆಳಿಗ್ಗೆ ಮೆಟ್ರೋದಲ್ಲಿ ಅಕ್ಕ, "ಇವತ್ತು ಹನ್ನೊಂದರ ಮಾತು ಬರತ್ತೇನೇ?" ಎಂದು ಕೇಳಿದಳು.

"ಬರಬಹುದು. ಆದರೆ ಅವಳು ಪುಣೆಯಲ್ಲಿದ್ದಾಳೆ. ನಿಮ್ಮ ಜೊತೆ ತಂಡದಲ್ಲಿದ್ದವರು ಬೇರೆ ಯಾರೂ ಬರ್ತಿಲ್ಲ. ಎದ್ದು ಹೇಳೋಕೆ ನೀನೊಬ್ಬಳೇ ಇರೋದು."

"ಹೂಂ" ಎಂದು ಕಿಟಕಿಯ ಕಡೆ ತಿರುಗಿದಳು. ಅದು ಸುರಂಗದೊಳಗಿನ ಮೆಟ್ರೋ, ಕಿಟಕಿಯಾಚೆ ನೋಡುವಂಥದ್ದೇನೂ ಇರಲಿಲ್ಲ. ಆ ಮೂರು ವರ್ಷಕ್ಕೆ ಎಲ್ಲಾದರೂ ಒಂದು ಬೆಲೆ ಸಿಗಬೇಕು ಎಂಬುದು ಅವಳ ಮನಸ್ಸಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಅದನ್ನು ನಾನೇ ಕೊಡಿಸುತ್ತೇನೆ ಎಂದು ಹಿಂದಿನ ವಾರವೆಲ್ಲ ಡೈರಿಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದ್ದೆ. ಅವಳಿಗೆ ಹೇಳಿರಲಿಲ್ಲ.

ಮ್ಯಾಚಿನಲ್ಲಿ ಹಳಬರು ಸೋತರು. ಸಮೋಸ ಬಂತು, ಕ್ಯಾಂಟೀನಿನ ಭಯ್ಯಾ ಚಹಾದ ಕೆಟಲು ತಂದಿಟ್ಟ. ನಾಲ್ಕು ಜಾಗಗಳು ಬೇಗ ತುಂಬಿದವು. ಐದನೆಯ ಜಾಗಕ್ಕೆ ಜಗಳ ಶುರುವಾಯಿತು. ಅಲ್ಲಿ ಎಲ್ಲರೂ ಆಡಿದ್ದು ಹಿಂದಿಯಲ್ಲಿ, ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಮೊದಲು ಎದ್ದದ್ದು ಲಕ್ಷ್ಮೀ ನಗರದ ಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿರುವ ದೀದಿ, ಅಲ್ಲಿದ್ದವರಲ್ಲೆಲ್ಲ ಹಿರಿಯರು. ತಮ್ಮ ಕಾಲದ ಆರನೇ ನಂಬರಿನವಳು ಕಾಲು ಉಳುಕಿದ್ದರೂ ಫೈನಲ್ ಆಡಿದ ಕತೆಯನ್ನು ಅವರು ಪ್ರತಿ ವರ್ಷ ಹೇಳುತ್ತಾರೆ.

"ಪಾದ ಇಷ್ಟು ದಪ್ಪ ಊದಿತ್ತು" ಎಂದು ಎರಡೂ ಕೈಯಲ್ಲಿ ತೋರಿಸಿದರು.

"ದೀದಿ, ಹೋದ ವರ್ಷ ಒಂದೇ ಕೈಯಷ್ಟಿತ್ತು" ಎಂದಳು ಈಗಿನ ಕ್ಯಾಪ್ಟನ್.

"ಬರೋ ವರ್ಷ ಪ್ಲಾಸ್ಟರ್ ಹಾಕಿಸ್ತಾರೆ ನೋಡು" ಎಂದಳು ಇನ್ನೊಬ್ಬಳು.

ದೀದಿಯೂ ನಕ್ಕು ಕೂತರು. "ಚಲೋ, ಇನ್ಯಾರಿದ್ದಾರೆ?" ಎಂದು ಕ್ಯಾಪ್ಟನ್ ಕೇಳಿದಾಗ ಯಾರೋ ಹನ್ನೊಂದು ಎಂದರು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ಬಾಯಲ್ಲಿದ್ದ ಸಮೋಸ ನುಂಗುವಷ್ಟರಲ್ಲಿ ನಾನು ಎದ್ದು ನಿಂತೆ.

ನಾನು ಆಟಗಾರ್ತಿಯಲ್ಲ, ಆದರೆ ಲೆಕ್ಕ ನನ್ನ ಹತ್ತಿರ ಇರುವುದರಿಂದ ಮಾತಾಡಲು ಬಿಟ್ಟರು. ಒಟ್ಟು ಪಾಯಿಂಟ್ ನೋಡಿ ಆಟಗಾರ್ತಿಯನ್ನು ಅಳೆಯುವುದು ಸರಿಯಲ್ಲ, ಆಡಿದ ಪ್ರತಿ ನಿಮಿಷಕ್ಕೆ ಎಷ್ಟು ಪಾಯಿಂಟ್ ಎಂದು ನೋಡಬೇಕು ಎಂದೆ. ಹಾಗೆ ನೋಡಿದರೆ ನಾನು ಲೆಕ್ಕ ಇಟ್ಟ ವರ್ಷಗಳಲ್ಲಿ ಮೊದಲ ಸ್ಥಾನ ಹನ್ನೊಂದರದ್ದಲ್ಲ, ಹನ್ನೆರಡರದ್ದು ಎಂದೆ. ಅವಳು ಆಡಿದ್ದು ಮೂರು ವರ್ಷದಲ್ಲಿ ಒಟ್ಟು ನಲವತ್ತೊಂದು ನಿಮಿಷ, ಮಾಡಿದ್ದು ಮೂವತ್ತು ಪಾಯಿಂಟು.

ಪಿ.ಟಿ. ದೀದಿ ಚಹಾದ ಲೋಟ ಕೆಳಗಿಟ್ಟು ನಗತೊಡಗಿದರು. ನಗು ಸಾಲಾಗಿ ಕೊನೆಯವರೆಗೂ ಹೋಯಿತು.

"ಅಕ್ಕನಿಗೆ ಒಳ್ಳೆ ವಕೀಲಿ ಮಾಡಿದೆ. ಫೀಸು ಎಷ್ಟು?" ಎಂದಳು ಕ್ಯಾಪ್ಟನ್.

ಅಕ್ಕನ ಕಿವಿ ಕೆಂಪಾಗಿತ್ತು. ನನ್ನ ಕುರ್ತಾದ ತುದಿ ಹಿಡಿದೆಳೆದು, ಕನ್ನಡದಲ್ಲಿ, "ಕೂತ್ಕೊಳೇ ಕೋತಿ" ಎಂದಳು. ಆಮೇಲೆ ತಾನೇ ಎದ್ದಳು.

"ಇವಳ ಲೆಕ್ಕ ಸರಿ ಇದೆ. ಆದರೆ ಆ ನಲವತ್ತೊಂದು ನಿಮಿಷ ಯಾವುವು ಅಂತ ಕೇಳಿ. ನಾವು ಮೂವತ್ತು ಪಾಯಿಂಟ್ ಮುಂದಿದ್ದಾಗ ನನ್ನನ್ನು ಇಳಿಸ್ತಾ ಇದ್ದರು. ಎದುರಿನ ಹುಡುಗಿಯರು ಆಗಲೇ ಮನೆಗೆ ಹೋಗೋ ಬಸ್ಸಿನ ಬಗ್ಗೆ ಮಾತಾಡ್ತಿದ್ದರು. ಆಗ ನಮ್ಮಮ್ಮ ಇಳಿದಿದ್ದರೂ ಬಾಸ್ಕೆಟ್ ಆಗ್ತಿತ್ತು."

ಮತ್ತೆ ನಗು. ಅಕ್ಕ ನಗಲಿಲ್ಲ.

"ನಾವು ಮೂವತ್ತು ಮುಂದಿದ್ದದ್ದು ಹನ್ನೊಂದರಿಂದ. ನಾನು ಅವಳನ್ನು ಬೆಂಚಿನಿಂದ ಮೂರು ವರ್ಷ ನೋಡಿದೀನಿ, ಪ್ರಾಕ್ಟೀಸಿನಲ್ಲಿ ಮೂರು ವರ್ಷ ತಡೆದಿದೀನಿ. ನನ್ನಷ್ಟು ಹತ್ತಿರದಿಂದ ಅವಳ ಆಟ ನೋಡಿದವರು ಬೇರೆ ಯಾರೂ ಇಲ್ಲ. ಅವಳು ಪಾಸ್ ಕೊಡೋ ಕಡೆ ಯಾವತ್ತೂ ನೋಡ್ತಿರಲಿಲ್ಲ, ನೋಡಿದರೆ ಅದು ಸುಳ್ಳು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮೋಸ ಹೋಗ್ತಿದ್ದೆ." ಗೋಡೆಯ ಕಡೆ ಕೈ ತೋರಿಸಿದಳು. "ಇನ್ನೊಂದು ಮಾತು. ಅವಳು ಈ ಗೋಡೆಯ ಮೇಲೆ ಬರಲೇಬೇಕು. ಅವಳು ಇಲ್ಲಿನ ಐವರಲ್ಲಿ ಒಬ್ಬಳಲ್ಲ ಅಂದರೆ, ನಾನು ಮೂರು ವರ್ಷ ಬೆಂಚಿನ ಮೇಲೆ ಕೂತದ್ದು ಯಾರಿಗೋಸ್ಕರ? ಯಾವಳೋ ಒಬ್ಬಳಿಗೋಸ್ಕರವಾ?"

ಈ ಸಲ ಯಾರೂ ನಗಲಿಲ್ಲ. ಬೆಂಚಿನ ಮೇಲೆ ಕೂತು ಕೂತು ಕಾಲೇಜು ಮುಗಿಸಿದವರು ಅಲ್ಲಿ ಇನ್ನೂ ಕೆಲವರಿದ್ದರು. ಅವರು ಸಮೋಸ ತಿನ್ನುವುದನ್ನು ನಿಲ್ಲಿಸಿದ್ದರು. ನಾನು ವಾರವಿಡೀ ಹಾಕಿದ ಲೆಕ್ಕದಲ್ಲಿ ಬೆಂಚಿನ ಮೇಲೆ ಕಳೆದ ನಿಮಿಷಗಳಿಗೆ ಕಾಲಮ್ಮೇ ಇರಲಿಲ್ಲ.

ಕ್ಯಾಪ್ಟನ್ ಕೈ ಎತ್ತಲು ಹೇಳಿದಳು. ಬೆಂಚಿನವರ ಕೈ ಮೊದಲು ಮೇಲೆದ್ದವು. ಪಿ.ಟಿ. ದೀದಿಯ ಕೈಯೂ ಎದ್ದಾಗ ಎಲ್ಲರೂ ಅವರನ್ನೇ ನೋಡಿದರು.

"ಏನು ನೋಡ್ತೀರಿ? ಆರರ ಕಾಲಿಗೂ ಸ್ವಲ್ಪ ರೆಸ್ಟ್ ಬೇಕು" ಎಂದರು ದೀದಿ.

ಅಲ್ಲಿಂದಲೇ ಪುಣೆಗೆ ಫೋನು ಹೋಯಿತು. ಸ್ಪೀಕರ್ ಹಾಕಿ ಫೋನನ್ನು ಸಮೋಸದ ಡಬ್ಬಿಯ ಮೇಲಿಟ್ಟರು. ವಿಷಯ ಕೇಳಿ ಹನ್ನೊಂದು, "ನನ್ನ ಪರ ಯಾರು ಮಾತಾಡಿದ್ದು?" ಎಂದಳು.

"ಹನ್ನೆರಡು."

"ಹನ್ನೆರಡಾ? ಏನೋ ಮೋಸ ಇದೆ. ಅವಳಿಗೆ ಜ್ವರ ಇದೆಯಾ ನೋಡಿ."

"ಇಲ್ಲೇ ಇದೀನಿ, ಕೇಳಿಸ್ತಾ ಇದೆ" ಎಂದಳು ಅಕ್ಕ.

ಆ ಕಡೆಯಿಂದ ಹನ್ನೊಂದು ಹೇಳಿದಳು. "ಅಚ್ಛಾ, ಚಿತ್ರ ಬರೆಯೋರಿಗೆ ಒಂದು ಮಾತು ಹೇಳಿ. ನಾನು ಎಡಕ್ಕೆ ನುಗ್ಗುತ್ತಿರೋ ಹಾಗೆ ಬರೀಬೇಕು. ಕಾಲೇಜಿಗೆ ಬಂದಾಗ ನನಗೆ ಎಡಗೈ ಆಟವೇ ಬರ್ತಿರಲಿಲ್ಲ. ಪ್ರಾಕ್ಟೀಸಿನಲ್ಲಿ ಈ ರಾಕ್ಷಸಿ ಒಂದು ದಿನವೂ ನನಗೆ ಬಲಕ್ಕೆ ಹೋಗೋಕೆ ಬಿಡಲಿಲ್ಲ."

"ಈಗಲೂ ಬಿಡಲ್ಲ. ಪುಣೆಯಿಂದ ಬಾ, ನೋಡೋಣ" ಎಂದಳು ಅಕ್ಕ. ಅವಳ ದನಿ ಏರಿತ್ತು, ಮುಖದ ತುಂಬ ನಗು ಹರಡಿತ್ತು. ಆ ನಗುವನ್ನು ನಾನು ಅವಳ ಯಾವ ಮ್ಯಾಚಿನಲ್ಲೂ ಕಂಡಿರಲಿಲ್ಲ.

ಚಿತ್ರದ ಹುಡುಗಿ ಹಳೆಯ ಫೋಟೋಗಳನ್ನು ತಿರುವಿ ನೋಡಿದಳು. ಎಲ್ಲ ಫೋಟೋಗಳಲ್ಲೂ ಹನ್ನೊಂದು ಕಪ್ ಹಿಡಿದು ನೇರವಾಗಿ ನಿಂತಿದ್ದಳು, ಎಡಕ್ಕೆ ನುಗ್ಗುವ ಒಂದೂ ಇರಲಿಲ್ಲ. "ಎಡಕ್ಕೆ ಹೇಗೆ ಹೋಗ್ತಿದ್ದರು ದೀದಿ?" ಎಂದು ಅಕ್ಕನನ್ನು ಕೇಳಿದಳು.

ಅಕ್ಕ ಚೆಂಡು ತೆಗೆದುಕೊಂಡು ಕೋರ್ಟಿಗೆ ಇಳಿದಳು. ಒಮ್ಮೆ ಮಾಡಿ ತೋರಿಸಿದಳು. ಬಲ ಭುಜವನ್ನು ಸ್ವಲ್ಪ ಅಲುಗಿಸಿ, ಬಲಕ್ಕೆ ಹೊರಟಂತೆ ಸುಳ್ಳು ಹೇಳಿ, ಎಡಕ್ಕೆ ಬಗ್ಗಿ ಹೊರಟಳು. ತುಂಬ ಬೇಗ ಆಯಿತು, ಬರೆಯಲು ಆಗಲಿಲ್ಲ ಎಂದಳು ಹುಡುಗಿ. ಅಕ್ಕ ಮತ್ತೆ ಮಾಡಿ, ಅರ್ಧದಲ್ಲೇ ನಿಂತಳು. ಮೊಣಕಾಲು ಬಗ್ಗಿತ್ತು, ಎಡಗೈ ಚೆಂಡಿನ ಮೇಲಿತ್ತು, ಮುಖ ಬೇರೆ ಎಲ್ಲೋ ನೋಡುತ್ತಿತ್ತು. ಪೆನ್ಸಿಲ್ ಓಡತೊಡಗಿತು.

"ಅಲುಗಾಡಬೇಡಿ ದೀದಿ."

"ಬೇಗ ಬರಿ, ಸೊಂಟ ಹಿಡ್ಕೊಳ್ತಿದೆ" ಎಂದಳು ಅಕ್ಕ, ತುಟಿ ಅಲುಗಿಸದೆ. ಮೂರು ವರ್ಷ ಬೆಂಚಿನ ಮೇಲಿದ್ದವಳನ್ನು ತಂಡದವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಪಿ.ಟಿ. ದೀದಿ ಅವಳ ಬಾಯಿಗೆ ಒಂದು ತೊಳೆ ಕಿತ್ತಳೆ ಇಟ್ಟರು. ಅಕ್ಕ ಅದನ್ನು ಜಗಿಯುತ್ತಾ, ಅದೇ ಭಂಗಿಯಲ್ಲಿ ನಿಂತು, ಚಿತ್ರದ ಹುಡುಗಿಗೆ ಹೇಳಿದಳು.

"ಜಡೆ ಬರೀಬೇಡ, ಅವಳದು ಬಾಬ್ ಕಟ್. ನಂಬರ್ ಹನ್ನೊಂದು. ನನ್ನನ್ನು ನೋಡಿ ನೋಡಿ ಹನ್ನೆರಡು ಅಂತ ಬರೆದುಬಿಟ್ಟೀಯ."