ಅಪ್ಪನ ಬೈಕಿಗೆ ಪಂಪು ಕೂರಿಸಿದ್ದು

ಪಂಪುಗಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ತಮ್ಮ ಸಂಪಿನ ಮೋಟಾರು ಸರಿಯಾಗಿ ನೀರೆತ್ತುತ್ತಿಲ್ಲ ಎಂದರೆ ಸಾಕು, ಹೋಳಿಗೆ ಬಡಿಸುವಷ್ಟರಲ್ಲಿ ಅವರಿಗೆ ಅರ್ಧ ಪಾಠ ಮುಗಿಸಿರುತ್ತಿದ್ದೆ. ಉಳಿದರ್ಧವನ್ನು ಕೈ ತೊಳೆಯುವ ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿ ಹೇಳುತ್ತಿದ್ದೆ. ಇಂಥವನ ಕೈಗೆ ಅಪ್ಪನ ಹಳೇ ಬೈಕು ಸಿಕ್ಕಿತು.

ಅಪ್ಪ ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿದ್ದವರು. ಬೈಕು ನನಗಿಂತ ಹಿರಿಯದು. ನಿವೃತ್ತಿಯವರೆಗೂ ಅದರಲ್ಲೇ ಕೆಲಸಕ್ಕೆ ಹೋದರು, ಆಮೇಲೆ ಅದರಲ್ಲೇ ತರಕಾರಿ ತಂದರು. ಎರಡು ವರ್ಷದ ಹಿಂದೆ ತೀರಿಕೊಂಡಾಗ ಬೈಕಿನ ಕಾಗದಪತ್ರ ಅಮ್ಮನ ಹೆಸರಿಗಾಯಿತು, ಕೀಲಿ ನನ್ನ ಜೇಬಿಗೆ ಬಂತು. ಅಪ್ಪ ಹೆಚ್ಚು ಮಾತಿನವರಲ್ಲ. ಗಾಡಿಯ ಬಗ್ಗೆ ನನಗೆ ಏನನ್ನೂ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ. ಎಂಜಿನಿಯರಿಂಗ್ ಓದಿದವನು ಟೂಲ್ ರೂಮಿನವರನ್ನು ಕೇಳುವುದೇನು ಎಂಬ ಕೊಬ್ಬು ನನ್ನದು.

ನನ್ನ ಕೈಗೆ ಬಂದ ಸ್ವಲ್ಪ ದಿನಕ್ಕೇ ಗಾಡಿ ಕೈಕೊಡಲು ಶುರುಮಾಡಿತು. ಒಂದೇ ಕಿಕ್ಕಿಗೆ ಹೊರಡುತ್ತಿತ್ತು, ಮೂರು ನಾಲ್ಕು ಕಿಲೋಮೀಟರು ಚೆನ್ನಾಗಿ ಹೋಗುತ್ತಿತ್ತು, ಆಮೇಲೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಪೆಟ್ರೋಲು ಇದೆಯೋ ಇಲ್ಲವೋ ಎಂದು ನಾನು ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಿದ್ದೆ. ಇರುತ್ತಿತ್ತು. ಮುಚ್ಚಿ ಕಿಕ್ ಹೊಡೆದರೆ ಏನೂ ಆಗದಂತೆ ಮತ್ತೆ ಹೊರಡುತ್ತಿತ್ತು. ಇಂದಿರಾನಗರದ ಸಿಗ್ನಲ್ಲುಗಳಲ್ಲಿ, ಹಳೇ ಮದ್ರಾಸು ರಸ್ತೆಯಲ್ಲಿ, ಎಲ್ಲ ಕಡೆಯೂ ಇದೇ ಆಟ. ಮುಚ್ಚಳ ತೆಗೆದಾಗಲೆಲ್ಲ ಗಾಡಿ ಸರಿಹೋಗುತ್ತದೆ ಎನ್ನುವುದು ಎರಡು ವರ್ಷ ನನ್ನ ಕಣ್ಣಮುಂದೆಯೇ ನಡೆಯಿತು. ಅಷ್ಟು ಹೊತ್ತು ಕೊಟ್ಟ ವಿಶ್ರಾಂತಿಯಿಂದ ಎಂಜಿನ್ ತಣ್ಣಗಾಯಿತು ಎಂದುಕೊಂಡು ನಾನು ಮುಂದೆ ಹೋಗುತ್ತಿದ್ದೆ.

ಕೊನೆಗೆ ಒಂದು ಸಂಜೆ ಕೆ.ಆರ್. ಪುರದ ಸೇತುವೆಯ ಮೇಲೆ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ನನ್ನ ಮೊಣಕಾಲಿಗೆ ಒಂದು ಗೇಣು ಉಳಿಸಿ ಬ್ರೇಕು ಹಾಕಿತು. ಅದನ್ನು ಮನೆಯಲ್ಲಿ ದೊಡ್ಡ ಸಾಹಸದ ಹಾಗೆ ಹೇಳಿಕೊಂಡದ್ದು ನನ್ನ ತಪ್ಪು. ಅಮ್ಮ ಊಟ ಬಿಟ್ಟು ಎದ್ದಳು.

"ನಿಮ್ಮಪ್ಪನ ಕೈಲಿ ಒಂದ್ ದಿನಾನೂ ನಿಂತಿದ್ದಿಲ್ಲ ಇದು. ನಿನ್ ಕೈಲಿ ದಿನಾ ನಿಲ್ಲತ್ತೆ. ಕಲ್ಯಾಣ ನಗರದೋರು ಕೇಳ್ತಾನೇ ಇದಾರೆ, ಕೊಟ್ಬಿಡ್ತೀನಿ," ಅಂದಳು. ಅಲ್ಲಿ ಹಳೇ ಬೈಕುಗಳನ್ನು ಸಂಗ್ರಹಿಸುವವರೊಬ್ಬರಿದ್ದರು, ಅಪ್ಪನ ತಿಥಿಯ ದಿನವೂ ಫೋನು ಮಾಡಿ ವಿಚಾರಿಸಿದ್ದ ಪುಣ್ಯಾತ್ಮರು.

ನಾನು ಬೇಡಿಕೊಂಡೆ. ಐವತ್ತು ದಾಟಿದ ಗಂಡಸು ಹಾಗೆ ಬೇಡಿಕೊಳ್ಳಬಾರದು, ಆದರೆ ಅಪ್ಪನದು ಅಂತ ನನ್ನ ಹತ್ತಿರ ಉಳಿದಿದ್ದು ಅದೊಂದೇ. ಅವರ ಷರಟುಗಳು ನನಗೆ ಹಿಡಿಸುವುದಿಲ್ಲ, ಅವರ ತಾಳ್ಮೆ ಮೊದಲೇ ಇಲ್ಲ.

"ಹಾಗಾದ್ರೆ ಭಾನುವಾರ ಇದ್ರಲ್ಲೇ ನನ್ನ ಹಲಸೂರು ದೇವಸ್ಥಾನಕ್ಕೆ ಕರ್ಕೊಂಡ್ ಹೋಗಿ ಮನೆಗೆ ಕರ್ಕೊಂಡ್ ಬಾ. ನಡುವೆ ಎಲ್ಲೂ ನಿಲ್ಬಾರ್ದು. ನಿಲ್ಲಲಿಲ್ಲ ಅಂದ್ರೆ ಗಾಡಿ ನಿಂದು. ನಿಂತ್ರೆ ಅವರಿಗೆ ಫೋನ್ ಮಾಡ್ತೀನಿ," ಅಂದಳು ಅಮ್ಮ.

ಪಂಪು ಮಾಡುವವನಿಗೆ ಜಗತ್ತಿನ ಎಲ್ಲ ಕಾಯಿಲೆಗೂ ಪಂಪೇ ಔಷಧಿ. ಈ ಬೈಕಿನಲ್ಲಿ ಪೆಟ್ರೋಲು ಮೇಲಿನ ಟ್ಯಾಂಕಿನಿಂದ ಕೆಳಗಿನ ಕಾರ್ಬೊರೇಟರಿಗೆ ತನ್ನಷ್ಟಕ್ಕೆ ಇಳಿದು ಬರುತ್ತದೆ. ಆ ಇಳಿತ ಸಾಲುತ್ತಿಲ್ಲ, ಪೆಟ್ರೋಲನ್ನು ತಳ್ಳಿಕೊಡಲು ಒಂದು ಎಲೆಕ್ಟ್ರಿಕ್ ಪಂಪು ಬೇಕು ಎಂದು ಕಂಪ್ಯೂಟರಿನಲ್ಲಿ ನಾಲ್ಕು ಪುಟ ಲೆಕ್ಕ ಹಾಕಿ ತೀರ್ಮಾನಿಸಿದೆ. ಅಪ್ಪನ ಕಾಲದಲ್ಲಿ ಐವತ್ತು ವರ್ಷ ಸಾಕಾಗಿದ್ದ ಇಳಿತ ಈಗ ಯಾಕೆ ಸಾಲದು ಎಂಬ ಪ್ರಶ್ನೆಗೆ ಆ ನಾಲ್ಕು ಪುಟದಲ್ಲಿ ಜಾಗವಿರಲಿಲ್ಲ.

ಶಿವಾಜಿನಗರದ ಹಳೇ ಬಿಡಿಭಾಗಗಳ ಗಲ್ಲಿಯಲ್ಲಿ ಒಂದು ಪಂಪು ಸಿಕ್ಕಿತು. ಯಾವುದೋ ಹಳೇ ಕಾರಿನದು. ಅಂಗಡಿಯಾತ ಅದನ್ನು ಒರೆಸುತ್ತ ಯಾವ ಗಾಡಿಗೆ ಎಂದು ಕೇಳಿದ. ಹೇಳಿದೆ.

"ಬೈಕ್‌ಗೆ ಪಂಪ್ ಕಾಯ್ಕೂ ಸಾಬ್, ಯಾಕ್ ಬೇಕು? ಟಂಕಿ ಮೇಲಿದೆ, ಇಂಜನ್ ಕೆಳಗಿದೆ. ಮೇಲಿರೋನೇ ಇಳಿಸ್ಕೊಡ್ತಾನೆ," ಅಂದ.

ನಾನು ಅವನಿಗೆ ಹದಿನೈದು ನಿಮಿಷ ಪಾಠ ಮಾಡಿದೆ. ಅವನು ಎಲ್ಲವನ್ನೂ ಗೌರವದಿಂದ ಕೇಳಿ, ಪಂಪನ್ನು ಉರ್ದು ಪೇಪರಿನಲ್ಲಿ ಸುತ್ತಿ ಕೈಗಿಟ್ಟ.

ಶನಿವಾರ ಇಡೀ ದಿನ ಕೂರಿಸಿದೆ. ಗಾಡಿಯ ಬ್ಯಾಟರಿ ಆರು ವೋಲ್ಟಿನದು, ಪಂಪಿಗೆ ಬೇಕಾದ್ದು ಹನ್ನೆರಡು. ಹಾಗಾಗಿ ಇನ್ನೊಂದು ಸಣ್ಣ ಬ್ಯಾಟರಿ ತಂದು, ಗಾಡಿಯ ಪಕ್ಕದ ಪೆಟ್ಟಿಗೆಯಿಂದ ಅಪ್ಪನ ಸ್ಪ್ಯಾನರುಗಳನ್ನು ಹೊರಗೆ ಹಾಕಿ, ಅದರಲ್ಲಿ ತುರುಕಿದೆ. ಸೀಟಿನ ಕೆಳಗೆ ಪಂಪು ಬಿಗಿದು, ರಬ್ಬರ್ ಪೈಪು ಜೋಡಿಸಿ ಸ್ವಿಚ್ಚು ಒತ್ತಿದ್ದೇ ತಡ, ಕಾರ್ಬೊರೇಟರಿನಿಂದ ಪೆಟ್ರೋಲು ಹಾಲುಕ್ಕಿದಂತೆ ಉಕ್ಕಿ ಸೈಲೆನ್ಸರಿನ ಮೇಲೆ ಹರಿಯಿತು. ಹೆಂಡತಿ ಒಂದು ಬಕೆಟ್ ಮರಳು ತಂದು ನನ್ನ ಪಕ್ಕದಲ್ಲಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು, "ನಿಮ್ಮ ಇನ್ಶೂರೆನ್ಸ್ ಪೇಪರೆಲ್ಲ ಯಾವ ಬೀರೂಲಿದೆ ರೀ?" ಎಂದು ಕೇಳಿದಳು. ಸಂಜೆಯೊಳಗೆ ಒತ್ತಡ ತಗ್ಗಿಸುವ ಒಂದು ವಾಲ್ವು ಹಾಕಿ ಉಕ್ಕುವುದನ್ನು ನಿಲ್ಲಿಸಿದೆ. ಗಾಡಿ ಶುರುವಾಯಿತು, ಪಂಪು ಟಕಟಕ ಎನ್ನತೊಡಗಿತು. ನಾನು ಕೈಕಟ್ಟಿ ನಿಂತು ಅದನ್ನು ಕೇಳಿ ಸುಖಪಟ್ಟೆ.

ಭಾನುವಾರ ಅಮ್ಮ ರೇಷ್ಮೆ ಸೀರೆಯುಟ್ಟು, ಹಣ್ಣುಕಾಯಿಯ ಚೀಲ ಹಿಡಿದು, ಒಂದು ಕೈಯನ್ನು ನನ್ನ ಹೆಗಲ ಮೇಲಿಟ್ಟು ಒಂದು ಪಕ್ಕಕ್ಕೆ ಕೂತಳು. "ಒಳಗೇನೋ ಗಡಿಯಾರ ಇಟ್ಟಿದ್ದೀಯೇನೋ?" ಎಂದಳು. ಹಲಸೂರಿಗೆ ಸಲೀಸಾಗಿ ಹೋದೆವು. ದೇವಸ್ಥಾನದಲ್ಲಿ ಅಮ್ಮ ಏನು ಬೇಡಿಕೊಂಡಳೋ ಗೊತ್ತಿಲ್ಲ, ನಾನಂತೂ ನನ್ನನ್ನೇ ಹೊಗಳಿಕೊಂಡು ಒಂದು ಪ್ರದಕ್ಷಿಣೆ ಹೆಚ್ಚಿಗೆ ಹಾಕಿದೆ. ವಾಪಸು ಬರುವಾಗ ಮರ್ಫಿ ಟೌನ್ ಹತ್ತಿರ ನನ್ನ ತೊಡೆಗಳ ನಡುವೆ 'ಡೊಣ್' ಎಂಬ ಸದ್ದಾಯಿತು. ಬಗ್ಗಿ ನೋಡಿದರೆ ಪೆಟ್ರೋಲ್ ಟ್ಯಾಂಕಿನ ಎರಡೂ ಕೆನ್ನೆಗಳು ಒಳಕ್ಕೆ ಹೋಗಿದ್ದವು. ಗಾಡಿ ಕೆಮ್ಮಿತು, ನಿಂತಿತು.

ಅಮ್ಮ ಇಳಿದು ಸೆರಗು ಸರಿಮಾಡಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಪ್ರಸಾದದ ಬಾಳೆಹಣ್ಣೊಂದನ್ನು ನನ್ನ ಕೈಗಿಟ್ಟು, ಒಂದು ಆಟೋ ಕೂಗಿ ಹತ್ತಿ ಹೋದಳು. ನನಗೆ ಅಳು ಬಂದಂತಾಯಿತು. ಗಾಡಿ ಹೋದಂತೆಯೇ ಎಂದು ಗೊತ್ತಾಗಿತ್ತು.

ಅಲ್ಲೇ ಒಂದು ಮರದಡಿ ಮೆಕ್ಯಾನಿಕ್ ಒಬ್ಬರು ಕೂತಿದ್ದರು. ವಯಸ್ಸಾದವರು. ಗಾಡಿ ತಳ್ಳಿಕೊಂಡು ಹೋದೆ. ಅವರು ಪಂಪಿನ ಕಡೆ ನೋಡಲೇ ಇಲ್ಲ. ಟ್ಯಾಂಕಿನ ಮುಚ್ಚಳ ತಿರುಗಿಸಿದರು. 'ಹುಸ್ಸ್' ಎಂದು ಗಾಳಿ ಒಳಗೆ ನುಗ್ಗಿತು, ಟ್ಯಾಂಕಿನ ಕೆನ್ನೆಗಳು 'ಡಬ್' ಎಂದು ಹೊರಕ್ಕೆ ಬಂದವು.

"ಏನ್ ಸಾರ್ ಇದು? ಇಲ್ಲೊಂದು ಸಣ್ಣ ತೂತು ಇರ್ಬೇಕು ಸಾರ್," ಎಂದು ಮುಚ್ಚಳದ ನೆತ್ತಿಯನ್ನು ಉಗುರಿನಿಂದ ಕೆರೆದರು. "ಪೆಟ್ರೋಲ್ ಹೊರಗಡೆ ಬರ್ಬೇಕಂದ್ರೆ ಗಾಳಿ ಒಳಗಡೆ ಹೋಗ್ಬೇಕಲ್ಲ ಸಾರ್. ಫುಲ್ಲಾ ಮುಚ್ಕೊಂಡಿದೆ. ನೀವು ಪಂಪ್ ಹಾಕಿ ಎಳೆದ್ರೆ, ಪಾಪ, ಟ್ಯಾಂಕ್ ಏನ್ ಮಾಡತ್ತೆ? ಸಾರ್ ಏನ್ ಕೆಲಸ ಮಾಡ್ತೀರಾ?"

"ಬ್ಯಾಂಕಲ್ಲಿ," ಅಂದೆ.

ಅವರು ಕ್ಲಚ್ ಕೇಬಲಿನ ಒಂದು ಎಳೆಯಿಂದ ತೂತನ್ನು ಬಿಡಿಸಿದರು. ಕೆಂಪಗೆ, ಗಟ್ಟಿಯಾಗಿ, ಸಣ್ಣ ಸಣ್ಣ ಚೂರು ಹೊರಬಂತು. ಗಂಧ ಮತ್ತು ಕುಂಕುಮ. ನೋಡಿದ ತಕ್ಷಣ ನನಗೆ ಎಲ್ಲ ತಿಳಿಯಿತು. ಪ್ರತಿ ಶುಕ್ರವಾರ ಬೆಳಿಗ್ಗೆ ಅಮ್ಮ ದೇವರ ಪೂಜೆ ಮುಗಿಸಿ, ಹೊಸ್ತಿಲಿಗೆ, ತುಳಸಿಕಟ್ಟೆಗೆ ಇಟ್ಟ ಮೇಲೆ, ಬೈಕಿನ ಆ ಮುಚ್ಚಳದ ನಡುಮಧ್ಯಕ್ಕೂ ಗಂಧ ಹಚ್ಚಿ ಕುಂಕುಮವಿಡುತ್ತಾಳೆ. ಭಾನುವಾರ ನಾನು ಪಾಲಿಶ್ ಬಟ್ಟೆ ಹಿಡಿದು, ಮುಖ ಕಾಣುವ ಹಾಗೆ ಹೊಳೆಯಬೇಕೆಂದು ಉಜ್ಜುತ್ತೇನೆ. ಅವಳು ಇಟ್ಟದ್ದನ್ನು ತೂತಿನೊಳಗೆ ಮೆತ್ತಿ ಮೆತ್ತಿ ತುಂಬಿದವನು ನಾನೇ. ಟ್ಯಾಂಕಿಗೆ ಗಾಳಿಯ ದಾರಿ ಬೇಕು ಎಂಬುದು ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನ ಹೇಳಿಕೊಡುವ ಪಾಠ.

ಮನೆಗೆ ಗಾಡಿ ಎಲ್ಲೂ ನಿಲ್ಲದೆ ಬಂತು. ಸೋತ ಆಟವನ್ನು ಗೆದ್ದಷ್ಟು ಖುಷಿ ನನಗೆ. ಗಾಡಿಯಲ್ಲಿ ಏನೂ ದೋಷವಿಲ್ಲ, ನಿನ್ನ ಕುಂಕುಮವೇ ಕಾರಣ ಅಂದುಬಿಟ್ಟರೆ ಮುಗಿಯಿತು, ಮಾರುವ ಮಾತೇ ಏಳುವುದಿಲ್ಲ ಎಂದುಕೊಂಡು ಒಳಗೆ ನುಗ್ಗಿದೆ. ಅಮ್ಮ ಸೀರೆ ಬದಲಿಸಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಮಾಡ್ಲೇನೋ ಫೋನು?" ಅಂದಳು. ಫೋನನ್ನು ಮಗುಚಿಟ್ಟು, "ವಾರ ವಾರ ಕುಂಕುಮ ಇಡ್ತಿದ್ನಲ್ಲ, ಗಾಡಿಗಲ್ಲ ಕಣೋ ಅದು. ಅದ್ರ ಮೇಲೆ ಹೋಗೋರಿಗೆ. ಅಷ್ಟು ವರ್ಷ ಅವರನ್ನ ಕಾಯ್ತು. ನಿನ್ನನ್ನೂ ಕಾಯ್ಲಿ ಅಂತ ಇಟ್ಟೆ. ಆ ಲಾರಿ ವಿಷಯ ಕೇಳಿದ್ಮೇಲೆ ನಂಗೆ ನಿದ್ದೇನೇ ಇಲ್ಲ," ಅಂದಳು.

ಬಾಯಿಗೆ ಬಂದ ಮಾತನ್ನು ನುಂಗಿದೆ. ಆ ಲಾರಿಯ ಮುಂದೆ ನನ್ನನ್ನು ನಿಲ್ಲಿಸಿದ್ದು ನೀನೇ ಅಮ್ಮ ಎಂದು ಹೇಗೆ ಹೇಳಲಿ? ಗಾಡಿ ಹೋದರೆ ಹೋಗಲಿ, ಇದನ್ನು ಮಾತ್ರ ಹೇಳಬಾರದು ಅನಿಸಿತು.

"ತಪ್ಪು ನಂದಮ್ಮ. ಆ ಪಂಪು ಹಾಕ್ಬಾರ್ದಿತ್ತು. ತೆಗೆದುಬಿಡ್ತೀನಿ. ಆಮೇಲೆ ನಿನ್ನಿಷ್ಟ, ಕೊಡೋದಾದ್ರೆ ಕೊಡು," ಅಂದೆ.

ಅಮ್ಮ ಫೋನು ಹಿಡಿದು ಎದ್ದು ಒಳಗೆ ಹೋದಳು. ಆದರೆ ಆ ವಾರವೆಲ್ಲ ಫೋನು ಮಾಡಲಿಲ್ಲ. ನಾನು ಪಂಪು ಕಳಚಿ, ಸ್ಪ್ಯಾನರುಗಳನ್ನು ಅವುಗಳ ಪೆಟ್ಟಿಗೆಗೆ ಹಾಕಿದೆ. ಶುಕ್ರವಾರ ಅಮ್ಮ ಎಂದಿನಂತೆ ಮುಚ್ಚಳಕ್ಕೆ ಗಂಧ ಕುಂಕುಮ ಇಟ್ಟಳು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಶನಿವಾರ ಬೆಳಿಗ್ಗೆ ತೂತು ಬಿಡಿಸಲು ಏನಾದರೂ ಚೂಪಾದ್ದು ಬೇಕಿತ್ತು. ಮನೆಯೆಲ್ಲ ಹುಡುಕಿದೆ. ಸೂಜಿ ದಾರದ ಡಬ್ಬಿ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಿದರೆ ನೂರು ಪ್ರಶ್ನೆ ಬರುತ್ತದೆ. ಅಡುಗೆಮನೆಯಲ್ಲಿ ಅಮ್ಮ ಹುರುಳಿಕಾಯಿ ಸೋಸುತ್ತಿದ್ದಳು.

"ಅಮ್ಮ, ಒಂದ್ ಪಿನ್ನಿದ್ರೆ ಕೊಡಮ್ಮ," ಅಂದೆ.

ಅಮ್ಮನ ಕೈ ನಿಂತಿತು. ಆಮೇಲೆ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದಳು.

"ಶನಿವಾರ ಶನಿವಾರ ಅವರೂ ಹೀಗೇ ಬಂದು ಇಸ್ಕೊಂಡು ಹೋಗೋರು," ಅಂದಳು. "ಯಾಕೆ ಅಂತ ಒಂದ್ ದಿನಾನೂ ಹೇಳ್ಲಿಲ್ಲ."

ನಾನೂ ಹೇಳಲಿಲ್ಲ. ಬಾಗಿಲ ತನಕ ಹೋಗಿದ್ದೆ, ಅಮ್ಮ ಹಿಂದಿನಿಂದ ಕರೆದಳು.

"ಗಾಡಿ ನೀನೇ ಇಟ್ಕೋ. ಪಿನ್ನು ವಾಪಸ್ ತಂದ್ಕೊಡು."